ಚಕ್ರದ ಮೇಲಿನ ಅಡುಗೆಮನೆ

"ನೀವು ಇತಿಹಾಸದ ಟೀಚರು, ಈ ಸಲದ ಇ-ಸಂಚಿಕೆಗೆ ಏನಾದರೂ ಇತಿಹಾಸ ಬರೆದು ಕೊಡ್ರಿ" ಎಂದು ವೇದಿಕೆಯ ಸಂಪಾದಕಿಯರು ಕೇಳಿದಾಗ ನಾನು ಪೇಶ್ವೆಯವರ ಕಾಲದ ಪುಣೆಯ ಬಗ್ಗೆ ಬರೆಯಬೇಕೆಂದಿದ್ದೆ. ಟಿಪ್ಪಣಿಯನ್ನೂ ಮಾಡಿಕೊಂಡೆ. ಆದರೆ ಬರೆಯಲು ಕೂತಾಗಲೆಲ್ಲ ಹೋದ ವರ್ಷ ಅಮೆರಿಕದಲ್ಲಿ ಮಗಳ ಮನೆಯಲ್ಲಿ ನಾನು ಮಾಡಿದ ಒಂದು ತಪ್ಪೇ ಕಣ್ಣ ಮುಂದೆ ಬರುತ್ತಿತ್ತು. ಅದೂ ಇತಿಹಾಸಕ್ಕೆ ಸಂಬಂಧಿಸಿದ ತಪ್ಪೇ. ಹಾಗಾಗಿ ಪೇಶ್ವೆಯವರು ಮುಂದಿನ ವರ್ಷಕ್ಕಿರಲಿ, ಈ ಸಲ ಅದನ್ನೇ ಹೇಳಿಬಿಡುತ್ತೇನೆ.

ಮಗಳು, ಅಳಿಯ ಇರುವುದು ಓಹಾಯೋ ರಾಜ್ಯದಲ್ಲಿ. ನಾನು ಹೋದಾಗ ಅವರ ಮನೆಯ ಹಿತ್ತಲಲ್ಲಿ ಟಾರ್ಪಾಲು ಹೊದಿಸಿದ ಏನೋ ಒಂದು ನಿಂತಿತ್ತು. ತೆಗೆದು ನೋಡಿದರೆ ಮಾಸಿದ ಅಲ್ಯೂಮಿನಿಯಂ ಡಬ್ಬ. ಎರಡೂ ತುದಿ ದುಂಡಗೆ, ಪಕ್ಕಕ್ಕೊಂದು ಸಣ್ಣ ಬಾಗಿಲು, ಕೆಳಗೆ ಎರಡು ಚಕ್ರ. ಎಂಜಿನ್ ಇಲ್ಲ. ಕಾರಿನ ಹಿಂದೆ ಕೊಂಡಿ ಹಾಕಿ ಎಳೆದುಕೊಂಡು ಹೋಗಿ, ಕಾಡಿನ ಅಂಚಿನಲ್ಲೋ ಕೆರೆಯ ದಂಡೆಯಲ್ಲೋ ನಿಲ್ಲಿಸಿ ಇರುವ ಮನೆ ಅದು. ಅಲ್ಲಿಯವರು ಟ್ರಾವೆಲ್ ಟ್ರೇಲರ್ ಎನ್ನುತ್ತಾರೆ. ಇದು ಏರ್‌ಸ್ಟ್ರೀಮ್ ಕಂಪನಿಯ 1967ರ 'ಕ್ಯಾರವೆಲ್', 17 ಅಡಿ ಉದ್ದದ್ದು. ಒಬ್ಬ ರೈತರ ಕೊಟ್ಟಿಗೆಯಲ್ಲಿ ಇಪ್ಪತ್ತು ವರ್ಷ ನಿಂತಿತ್ತಂತೆ.

"ಇಷ್ಟು ರೊಕ್ಕಾ ಕೊಟ್ಟು ಈ ಹಳೇ ಡಬ್ಬಿ ತಗೊಂಡಿರೇನ?" ಎಂದೆ.

"ಅವ್ವಾ, ಒಳಗ ಬಂದು ನೋಡು" ಎಂದಳು ಮಗಳು.

ಒಳಗೆ ಇಲಿಯ ವಾಸನೆ. ಆದರೂ ಕಣ್ಣಿಗೆ ಮೊದಲು ಬಿದ್ದದ್ದು ಅಡುಗೆಯ ಕಟ್ಟೆ. ಮೂರು ಒಲೆಯ ಗ್ಯಾಸ್ ಸ್ಟವ್, ಪಕ್ಕಕ್ಕೆ ಸಿಂಕು, ಮೇಲೆ ಕಪಾಟು, ಕೆಳಗೆ ಚಿಕ್ಕ ಫ್ರಿಜ್ಜು. ಒಂದು ಹೆಜ್ಜೆಯನ್ನೂ ಇಡದೆ, ಬರೀ ತಿರುಗಿ ತಿರುಗಿ ನಾಲ್ಕು ಜನರ ಅಡುಗೆ ಮಾಡಬಹುದು. ಬ್ಯಾಂಕಿನ ವರ್ಗಾವಣೆಯ ಸಂಸಾರದಲ್ಲಿ ಒಂಬತ್ತು ಊರುಗಳ ಅಡುಗೆಮನೆ ಕಂಡವಳು ನಾನು. ಇದನ್ನು ಯೋಚಿಸಿದವರಿಗೆ ಅಡುಗೆಯ ಕೆಲಸ ಗೊತ್ತಿತ್ತು ಅನ್ನಿಸಿತು. ಅಲ್ಲಿಂದ ಇದರ ಇತಿಹಾಸ ಓದುವ ಹುಚ್ಚು ಹಿಡಿಯಿತು.

ಹೆಂಡತಿ ಬೇಡಿದ್ದು ಒಲೆ

ಊರೂರು ಅಲೆಯುವವರ ಬಂಡಿಮನೆಗಳು ಯುರೋಪಿನಲ್ಲಿ ಮೊದಲೇ ಇದ್ದವು. ಆದರೆ ಹೊಟ್ಟೆಪಾಡಿಗಲ್ಲದೆ ಬರೀ ಸಂತೋಷಕ್ಕಾಗಿ ಮನೆಯನ್ನೇ ಎಳೆದುಕೊಂಡು ತಿರುಗಿದವರಲ್ಲಿ ಮೊದಲಿಗರೆಂದು ಬ್ರಿಟನ್ನಿನ ವಿಲಿಯಂ ಗಾರ್ಡನ್ ಸ್ಟೇಬಲ್ಸ್ ಅವರನ್ನು ಹೇಳುತ್ತಾರೆ. ನೌಕಾಪಡೆಯಲ್ಲಿ ವೈದ್ಯರಾಗಿದ್ದು, ಮಕ್ಕಳಿಗೆ ಸಾಹಸ ಕಥೆಗಳನ್ನು ಬರೆಯುತ್ತಿದ್ದವರು. 1885ರಲ್ಲಿ ಬ್ರಿಸ್ಟಲ್ ವ್ಯಾಗನ್ ವರ್ಕ್ಸ್‌ನಲ್ಲಿ 'ವಾಂಡರರ್' ಎಂಬ ಕುದುರೆ ಎಳೆಯುವ ಬಂಡಿಮನೆ ಮಾಡಿಸಿಕೊಂಡು ಸ್ಕಾಟ್ಲೆಂಡಿನ ಇನ್ವರ್ನೆಸ್ ತನಕ ಹೋದರು. ಜೊತೆಗೆ ಗಾಡಿ ಹೊಡೆಯುವವನು, ಸೇವಕ, ನಾಯಿ ಮತ್ತು ಒಂದು ಗಿಳಿ. ದಾರಿಯಲ್ಲಿ ಇಂಥ ದೊಡ್ಡ ಬಂಡಿ ಬರುತ್ತಿದೆ ಎಂದು ಎಚ್ಚರಿಸಲು ಸೇವಕ ಮೂರು ಚಕ್ರದ ಸೈಕಲ್ಲಿನಲ್ಲಿ ಮುಂದೆ ಹೋಗುತ್ತಿದ್ದ. ಆ ವಾಂಡರರ್ ಇವತ್ತಿಗೂ ಬ್ರಿಟನ್ನಿನಲ್ಲಿ ಸುಸ್ಥಿತಿಯಲ್ಲಿದೆ.

ಕಾರು ಬಂದ ಮೇಲೆ ಕುದುರೆಯೂ ಬೇಡವಾಯಿತು, ಸೇವಕನೂ ಬೇಡವಾದ. 1919ರಲ್ಲಿ ಫ್ಲಾರಿಡಾದ ಟ್ಯಾಂಪಾದಲ್ಲಿ 'ಟಿನ್ ಕ್ಯಾನ್ ಟೂರಿಸ್ಟ್ಸ್' ಎಂಬ ಸಂಘ ಹುಟ್ಟಿತು. ಕಾರಿನಲ್ಲಿ ಡೇರೆ ಕಟ್ಟಿಕೊಂಡು ತಿರುಗುವ ಸಾಮಾನ್ಯ ಜನರ ಸಂಘ. ರೇಡಿಯೇಟರಿನ ಮುಚ್ಚಳಕ್ಕೆ ಬೆಸೆದ ಒಂದು ತಗಡಿನ ಡಬ್ಬಿಯೇ ಸದಸ್ಯರ ಗುರುತು.

ಮಗಳ ಟ್ರೇಲರ್ ಮಾಡಿದ ಕಂಪನಿಯ ಸ್ಥಾಪಕ ವಾಲಿ ಬಯಂ. ಹುಟ್ಟಿದ್ದು 1896ರಲ್ಲಿ, ಆರಿಗನ್ ರಾಜ್ಯದಲ್ಲಿ. ಕಂಪನಿ ಹೇಳಿಕೊಂಡು ಬಂದಿರುವ ಕಥೆ ಹೀಗಿದೆ: ಅವರಿಗೆ ಡೇರೆಯಲ್ಲಿ ಮಲಗುವ ಹುಚ್ಚು. ಹೆಂಡತಿ ಮರಿಯನ್‌ಗೆ ನೆಲದ ಮೇಲೆ ಮಲಗುವುದೆಂದರೆ ಆಗದು. ಅಡುಗೆಮನೆ ಇಲ್ಲದ ಕಡೆ ನಾನು ಬರುವುದಿಲ್ಲ ಎಂದುಬಿಟ್ಟರು. ಆಗ ಬಯಂ ಫೋರ್ಡ್ ಕಂಪನಿಯ ಮಾಡೆಲ್ ಟಿ ಕಾರಿನ ಚೌಕಟ್ಟಿನ ಮೇಲೆ ಡೇರೆ ಕಟ್ಟಿದರು. ಮಳೆ ಬಂದರೆ ಅದು ಉಪಯೋಗವಿಲ್ಲ. ಆಮೇಲೆ ನೀರಿನ ಹನಿಯ ಆಕಾರದ ಒಂದು ಗೂಡು ಮಾಡಿ, ಒಳಗೆ ಸೀಮೆಎಣ್ಣೆ ಒಲೆಯನ್ನೂ ಮಂಜುಗಡ್ಡೆಯ ಪೆಟ್ಟಿಗೆಯನ್ನೂ ಇಟ್ಟರು. ದಾರಿಯಲ್ಲಿ ನೋಡಿದವರೆಲ್ಲ ನಮಗೂ ಬೇಕು ಎಂದರು. ಅದನ್ನು ಮಾಡಿಕೊಳ್ಳುವ ವಿಧಾನವನ್ನು ಅಚ್ಚು ಹಾಕಿಸಿ ಒಂದು ಡಾಲರಿಗೆ ಮಾರಿದರು. 1931ರಲ್ಲಿ ಕಂಪನಿ ಶುರುವಾಯಿತು.

ಮರಿಯನ್ ಬಗ್ಗೆ ಈ ಕಥೆಗಳು ಹೇಳುವುದು ಇಷ್ಟೇ, ಆಕೆ ಒಲೆ ಕೇಳಿದರು ಎಂದು. ಮುಂದಿನ ಪುಟಗಳಲ್ಲೆಲ್ಲ ವಾಲಿ, ವಾಲಿ, ವಾಲಿ. ಇದನ್ನು ಓದುವಾಗ ನನಗೆ ವಿಶೇಷವೇನೂ ಅನ್ನಿಸಲಿಲ್ಲ. ಶಾಲೆಯಲ್ಲಿ ಇಪ್ಪತ್ತೆಂಟು ವರ್ಷ ನಾನು ಕಲಿಸಿದ್ದೂ ಇಂಥದೇ ಇತಿಹಾಸ.

ವಿಮಾನದ ಮೈ

ಬೆಳ್ಳಿಯಂತೆ ಹೊಳೆಯುವ ಮೈ ಬಂದದ್ದು ವಿಮಾನದಿಂದ. ಹಾಲಿ ಬೌಲಸ್ ಎಂಬವರು ಗ್ಲೈಡರ್ ವಿಮಾನಗಳನ್ನು ಮಾಡುವುದರಲ್ಲಿ ನಿಪುಣರು. 1927ರಲ್ಲಿ ಚಾರ್ಲ್ಸ್ ಲಿಂಡ್‌ಬರ್ಗ್ ಅಟ್ಲಾಂಟಿಕ್ ಸಾಗರವನ್ನು ಒಬ್ಬರೇ ದಾಟಿದ ವಿಮಾನ ತಯಾರಾಗುವಾಗ ಮೇಲ್ವಿಚಾರಣೆ ಮಾಡಿದವರಲ್ಲಿ ಅವರೂ ಒಬ್ಬರು. 1934ರಲ್ಲಿ ಅವರು ಅದೇ ವಿದ್ಯೆಯಿಂದ 'ರೋಡ್ ಚೀಫ್' ಎಂಬ ಟ್ರೇಲರ್ ಮಾಡಿದರು. ಪಕ್ಕೆಲುಬಿನಂಥ ಚೌಕಟ್ಟು, ಅದರ ಮೇಲೆ ತೆಳ್ಳಗಿನ ಅಲ್ಯೂಮಿನಿಯಂ ಹಾಳೆ, ಸಾವಿರಾರು ರಿವೆಟ್ ಮೊಳೆ. ಹಗುರ ಮತ್ತು ಗಟ್ಟಿ. ಆದರೆ ಬಾಗಿಲು ಮುಂಭಾಗದಲ್ಲಿ, ಕೊಂಡಿಯ ಮೇಲೆ. ಒಳಗೆ ಹೋಗಬೇಕಾದರೆ ಕೊಂಡಿ ದಾಟಿ ಹತ್ತಬೇಕು. ಬೌಲಸ್ ಅವರ ವ್ಯಾಪಾರ ನಡೆಯಲಿಲ್ಲ. ಬಯಂ ಆ ವಿನ್ಯಾಸವನ್ನು ಮುಂದುವರಿಸಿ, ಬಾಗಿಲನ್ನು ಪಕ್ಕಕ್ಕೆ ತಂದು, 1936ರಲ್ಲಿ 'ಕ್ಲಿಪ್ಪರ್' ಹೊರತಂದರು. ನಾಲ್ಕು ಜನ ಮಲಗಬಹುದಾದ ಅದರ ಬೆಲೆ 1,200 ಡಾಲರ್.

ಆ ಕಾಲಕ್ಕೆ ಅದು ಶ್ರೀಮಂತರ ಬೆಲೆ. ಹೊರಗೆ ಆರ್ಥಿಕ ಮಹಾಕುಸಿತ. ಮನೆ ಕಳೆದುಕೊಂಡ ಎಷ್ಟೋ ಸಂಸಾರಗಳು ಅಗ್ಗದ, ಮರದ ಟ್ರೇಲರ್‌ಗಳಲ್ಲೇ ವಾಸಿಸುತ್ತಿದ್ದವು. ರೋಜರ್ ಬಾಬ್ಸನ್ ಎಂಬ ಹೆಸರಾಂತ ಅರ್ಥಶಾಸ್ತ್ರಜ್ಞರು, ಇನ್ನು ಇಪ್ಪತ್ತು ವರ್ಷದಲ್ಲಿ ಅರ್ಧ ಅಮೆರಿಕ ಟ್ರೇಲರಿನಲ್ಲಿ ಬದುಕುತ್ತದೆ ಎಂದು ಭವಿಷ್ಯ ನುಡಿದಿದ್ದರು. ಅದು ನಿಜವಾಗಲಿಲ್ಲ. ಆದರೆ ಊರೊಳಗೆ ಟ್ರೇಲರ್ ನಿಲ್ಲಿಸಬಾರದೆಂದು ಎಷ್ಟೋ ಪಟ್ಟಣಗಳು ಕಾನೂನು ಮಾಡಿದವು. ಒಂದೇ ಗಾಡಿ ಒಬ್ಬರಿಗೆ ವಿಹಾರ, ಇನ್ನೊಬ್ಬರಿಗೆ ತಲೆಯ ಮೇಲಿನ ಸೂರು. ಹಳೆಯ ಟ್ರೇಲರ್ ಎಂದರೆ ಬರೀ ಮೋಜಿನ ಇತಿಹಾಸ ಎಂದುಕೊಳ್ಳಬಾರದು.

ಎರಡನೆಯ ಮಹಾಯುದ್ಧ ಬಂದಾಗ ಅಲ್ಯೂಮಿನಿಯಂ ಎಲ್ಲ ವಿಮಾನಕ್ಕೆ ಹೋಯಿತು. ವಿಹಾರದ ಟ್ರೇಲರ್ ಮಾಡುವುದು ನಿಂತಿತು. ಬಯಂ ಕೂಡ ವಿಮಾನ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದರು. ಗಂಡಸರು ಯುದ್ಧಕ್ಕೆ ಹೋದಾಗ ಕಾರ್ಖಾನೆಗಳಲ್ಲಿ ರಿವೆಟ್ ಹೊಡೆದವರು ಹೆಂಗಸರು. ತೋಳು ಮಡಚಿದ 'ರೋಸಿ ದ ರಿವೆಟರ್' ಚಿತ್ರವನ್ನು ನಮ್ಮ ಮಹಿಳಾ ದಿನದ ಪೋಸ್ಟರುಗಳಲ್ಲೂ ನೋಡಿರುತ್ತೀರಿ. ಯುದ್ಧ ಮುಗಿಯಿತು. ಆ ಹೆಂಗಸರಲ್ಲಿ ಬಹಳಷ್ಟು ಜನರನ್ನು ಮನೆಗೆ ಕಳಿಸಿದರು. ವಿಮಾನ ಮಾಡುತ್ತಿದ್ದ 'ಸ್ಪಾರ್ಟನ್' ಕಂಪನಿ ಟ್ರೇಲರ್ ಮಾಡತೊಡಗಿತು, ಏರ್‌ಸ್ಟ್ರೀಮ್ ಮತ್ತೆ ಬಾಗಿಲು ತೆರೆಯಿತು. ಅದೇ ಹಾಳೆ, ಅದೇ ರಿವೆಟ್. ಹೆಂಗಸು ಮಾತ್ರ ಈಗ ಜಾಹೀರಾತಿನಲ್ಲಿ, ಇಸ್ತ್ರಿ ಮಾಡಿದ ಏಪ್ರನ್ ತೊಟ್ಟು ಟ್ರೇಲರಿನ ಒಲೆಯ ಮುಂದೆ ನಗುತ್ತ ನಿಂತಿದ್ದಳು.

1954ರಲ್ಲಿ 'ದ ಲಾಂಗ್, ಲಾಂಗ್ ಟ್ರೇಲರ್' ಎಂಬ ನಗೆಚಿತ್ರ ಬಂತು. ಲೂಸಿಲ್ ಬಾಲ್ ನಾಯಕಿ. ಓಡುವ ಟ್ರೇಲರಿನಲ್ಲಿ ಆಕೆ ಅಡುಗೆ ಮಾಡಲು ಹೋಗಿ ಎಲ್ಲವೂ ಮೈಮೇಲೆ ಸುರಿಯುತ್ತದೆ. ಹೋದ ಊರಿನ ನೆನಪಿಗೆಂದು ಒಂದೊಂದು ಕಲ್ಲು ಕೂಡಿಸಿಟ್ಟು, ಅದರ ಭಾರಕ್ಕೆ ಬೆಟ್ಟದ ದಾರಿಯಲ್ಲಿ ಫಜೀತಿಯಾಗುತ್ತದೆ. ಮಗಳ ಮನೆಯಲ್ಲಿ ಅದನ್ನು ನೋಡಿ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ಆ ಕಲ್ಲುಗಳ ವಿಷಯ ನನಗೆ ಆಮೇಲೆ ಬೇರೆಯಾಗಿ ಕಂಡಿತು.

ಬಯಂ 1951ರಿಂದ ಟ್ರೇಲರ್ ಮಾಲೀಕರನ್ನು ಕೂಡಿಸಿ ದೊಡ್ಡ ದಿಂಡಿಗಳಂತೆ ಪ್ರವಾಸ ಹೊರಡಿಸಿದರು. 1955ರಲ್ಲಿ ಮಾಲೀಕರ ಸಂಘವೂ ಆಯಿತು. 1959ರಲ್ಲಿ ಆಫ್ರಿಕಾದ ಕೇಪ್‌ಟೌನಿನಿಂದ ಕೈರೋ ಕಡೆಗೆ ಟ್ರೇಲರ್‌ಗಳ ಸಾಲೇ ಹೊರಟಿತು. ಈ ಪ್ರವಾಸಗಳ, ಸಂಘದ ಕೆಲಸದ ಹೊರೆಯನ್ನು ಬಹಳಷ್ಟು ಹೊತ್ತವರು ಬಯಂ ಅವರ ಸೋದರ ಸಂಬಂಧಿ ಹೆಲೆನ್ ಬಯಂ ಶ್ವಾಂಬೋರ್ನ್. 1962ರಲ್ಲಿ ಬಯಂ ತೀರಿಕೊಂಡರು. ಮರುವರ್ಷ ಸಿಂಗಾಪುರದಿಂದ ಹೊರಟ ದಿಂಡಿಯೊಂದು ಭಾರತವನ್ನೂ ಹಾದು, ವರ್ಷಕ್ಕೂ ಹೆಚ್ಚು ಕಾಲ ನಡೆದು ಪೋರ್ಚುಗಲ್ಲಿನ ಲಿಸ್ಬನ್ ಮುಟ್ಟಿತು. 1969ರಲ್ಲಿ ಚಂದ್ರನಿಂದ ಮರಳಿದ ಮೂವರು ಗಗನಯಾತ್ರಿಗಳನ್ನು ಸೋಂಕಿನ ಭಯದಿಂದ ಪ್ರತ್ಯೇಕವಾಗಿ ಇಟ್ಟದ್ದೂ ಮಾರ್ಪಡಿಸಿದ ಒಂದು ಏರ್‌ಸ್ಟ್ರೀಮಿನಲ್ಲೇ.

ಇಬ್ಬರ ಕೆಲಸ

ಇನ್ನು ನಮ್ಮ ಹಿತ್ತಲಿಗೆ ಬರೋಣ. ಹಳೆಯ ಟ್ರೇಲರಿನ ಶತ್ರು ನೀರು. ಕಿಟಕಿಯ ಅಂಚಿನ ಮೇಣದಂಥ ಪಟ್ಟಿ ಒಣಗಿ ಬಿರುಕು ಬಿಟ್ಟರೆ ಮಳೆನೀರು ಗೋಡೆಯೊಳಗೆ ಇಳಿಯುತ್ತದೆ. ಹೊರಗೆ ಅಲ್ಯೂಮಿನಿಯಂ ಹೊಳೆಯುತ್ತಲೇ ಇರುತ್ತದೆ, ಒಳಗೆ ನೆಲದ ಪ್ಲೈವುಡ್ ಕೊಳೆಯುತ್ತದೆ. ಇದರ ಹಿಂಭಾಗದ ನೆಲಕ್ಕೆ ಅಳಿಯ ಸ್ಕ್ರೂಡ್ರೈವರ್ ಒತ್ತಿದರೆ ನೆನೆಸಿದ ಅವಲಕ್ಕಿಯಲ್ಲಿ ಇಳಿದಂತೆ ಇಳಿಯಿತು. ಮರದ ಚೌಕಟ್ಟಿನ ಹಳೆಯ ಟ್ರೇಲರ್‌ಗಳದು ಇನ್ನೂ ಕಷ್ಟವಂತೆ. ಗೋಡೆ ಬಿಚ್ಚಿದರೆ ಒಳಗಿನ ಕಟ್ಟಿಗೆ ಪುಡಿಯಾಗಿ ಕೈಗೆ ಬರುತ್ತದೆ. ಆಗ ಹಳೆಯ ತುಂಡುಗಳನ್ನು ಎಸೆಯದೆ ನೆಲದ ಮೇಲೆ ಜೋಡಿಸಿ, ಅವನ್ನೇ ಅಳತೆಯಾಗಿಟ್ಟು ಹೊಸದನ್ನು ಕೊಯ್ಯುತ್ತಾರೆ.

ಬಿಚ್ಚುವುದಕ್ಕೆ ಒಂದು ಕ್ರಮವಿದೆ. ಮೊದಲು ಎಲ್ಲ ಕಡೆಯ ಫೋಟೋ. ಆಮೇಲೆ ಕಪಾಟು, ಮಂಚ, ಸ್ಟವ್. ಪ್ರತಿ ತುಂಡಿಗೂ ಚೀಟಿ, ಪ್ರತಿ ಸ್ಕ್ರೂವಿಗೂ ಬೇರೆ ಡಬ್ಬಿ. ನಂತರ ಒಳಗೋಡೆಯ ಹಾಳೆಯ ರಿವೆಟ್‌ಗಳನ್ನು ಡ್ರಿಲ್ ಮಾಡಿ ತೆಗೆಯುವುದು. ಒಳಗೆ ಇಲಿಗೂಡು, ಹಳೆಯ ವೈರು, ಚಳಿ ತಡೆಯುವ ಹತ್ತಿಯಂಥ ಪದರ. ಎಲ್ಲವನ್ನೂ ಮಾಸ್ಕ್ ಹಾಕಿಕೊಂಡು ತೆಗೆಯಬೇಕು. ಗ್ಯಾಸಿನ ಪೈಪು, ಬ್ರೇಕು, ಟೈರು ಇವು ಹಳೆಯವಾದರೆ ಹೊಸದನ್ನೇ ಹಾಕಬೇಕು. ಪ್ರಾಣಕ್ಕೆ ಸಂಬಂಧಿಸಿದ್ದರಲ್ಲಿ ಹಳೆಯದರ ಮೋಹ ಬೇಡ ಎಂಬುದು ಅಳಿಯನ ನಿಯಮ.

ನನಗೆ ಬಹಳ ಹಿಡಿಸಿದ್ದು ರಿವೆಟ್ ಹೊಡೆಯುವುದು. ಇದು ಒಬ್ಬರಿಂದ ಆಗುವ ಕೆಲಸವಲ್ಲ. ಹೊರಗಿನಿಂದ ಒಬ್ಬರು ಗಾಳಿಯ ಒತ್ತಡದ ಗನ್ನಿನಿಂದ ರಿವೆಟ್ಟಿನ ತಲೆಗೆ ಹೊಡೆಯಬೇಕು. ಒಳಗೆ ಇನ್ನೊಬ್ಬರು ಅದರ ಬಾಲಕ್ಕೆ ಉಕ್ಕಿನ ಗಟ್ಟಿಯೊಂದನ್ನು ಒತ್ತಿ ಹಿಡಿದಿರಬೇಕು. ಪೆಟ್ಟಿಗೆ ಬಾಲ ಚಪ್ಪಟೆಯಾಗಿ ಎರಡು ಹಾಳೆಯೂ ಬಿಗಿಯಾಗುತ್ತವೆ. ಒಬ್ಬರಿಗೊಬ್ಬರು ಕಾಣುವುದಿಲ್ಲ, ಗೋಡೆ ನಡುವೆ ಇರುತ್ತದೆ. ಕೂಗಿಯೇ ಹೇಳಬೇಕು. ಮಗಳು ಹೊರಗೆ, ನಾನು ಒಳಗೆ. "ಅವ್ವಾ, ಹಿಡಿದಿಯೇನ?" "ಹಿಡದೇನಿ, ಹೊಡಿ!" ಕಿವಿಗೆ ಹತ್ತಿ, ಕಣ್ಣಿಗೆ ಕನ್ನಡಕ, ನೈಟಿಯ ಮೇಲೆ ಅಳಿಯನ ಹಳೆಯ ಕೋಟು. ಮೊದಲ ದಿನ ಹನ್ನೊಂದು ರಿವೆಟ್, ಅದರಲ್ಲಿ ನಾಲ್ಕು ಸೊಟ್ಟ. ವಾರದ ಕೊನೆಗೆ ಕೈ ಕುದುರಿತು. ಯುದ್ಧಕಾಲದ ಆ ಹೆಂಗಸರೂ ಹೀಗೇ ಜೋಡಿ ಜೋಡಿಯಾಗಿ ಹೊಡೆಯುತ್ತಿದ್ದರು. ಅರವತ್ತೈದರ ವಯಸ್ಸಿನಲ್ಲಿ ನಾನೂ ಹೊಡೆದೆ ಎಂದು ಹೇಳಿಕೊಳ್ಳಲು ಸಂಕೋಚವೇನಿಲ್ಲ!

ನಾನು ತಿಕ್ಕಿದ್ದು

ಈಗ ತಪ್ಪಿಗೆ ಬರುತ್ತೇನೆ. ಒಂದು ದಿನ ಇಬ್ಬರೂ ಆಫೀಸಿಗೆ ಹೋಗಿದ್ದರು. ಬಿಚ್ಚಿಟ್ಟ ಕಪಾಟಿನ ಬಾಗಿಲುಗಳು ಗ್ಯಾರೇಜಿನಲ್ಲಿ ಗೋಡೆಗೆ ಒರಗಿದ್ದವು. ಸುಮ್ಮನೆ ಕೂರುವ ಜೀವ ನನ್ನದಲ್ಲ. ಸಾಬೂನು ನೀರು, ಒರಟು ಸ್ಕ್ರಬ್ಬರ್ ತಗೊಂಡು ಒಂದೊಂದನ್ನೇ ತಿಕ್ಕಿ ತೊಳೆದೆ. ಒಲೆಯ ಮೇಲಿನ ಕಪಾಟಿನ ಬಾಗಿಲ ಒಳಮೈಯಲ್ಲಿ ಜಿಡ್ಡಿನ ಜೊತೆ ಪೆನ್ಸಿಲಿನ ಗೀಚು ಬಹಳ ಇತ್ತು. ಮಕ್ಕಳು ಗೀಚಿರಬೇಕು ಎಂದು ಇನ್ನಷ್ಟು ಒತ್ತಿ ತಿಕ್ಕಿದೆ. ಕೆಳಭಾಗಕ್ಕೆ ಬರುವಷ್ಟರಲ್ಲಿ ತೋಳು ಸೋತು ನಿಲ್ಲಿಸಿದೆ.

ಸಂಜೆ ಮಗಳು ಬಂದು ನೋಡಿದಳು. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದಳು: "ಅವ್ವಾ, ತಿಕ್ಕೂ ಮೊದಲ ಇದನ್ನ ಓದಿದ್ದೇನ ನೀ?"

ಓದಿರಲಿಲ್ಲ. ಉಳಿದದ್ದು ಮೂರೇ ಸಾಲು. ಕೂಡಿಸಿ ಬರೆದ ಇಂಗ್ಲಿಷ್ ಅಕ್ಷರ. 1968ರ ಜುಲೈ, ಮ್ಯಾಕಿನಾ, ಮೂರು ದಿನ ಮಳೆ. 1971, ಯೆಲ್ಲೋಸ್ಟೋನ್, ಹಾಲು ಒಡೆಯಿತು. ಮೂರನೆಯದರಲ್ಲಿ ವರ್ಷ ಹೋಗಿತ್ತು, 'ಮನೆ' ಎಂಬ ಒಂದು ಶಬ್ದ ಮಾತ್ರ ಇತ್ತು. ಮೇಲೆ ಇಪ್ಪತ್ತು ಸಾಲಾದರೂ ಇದ್ದಿರಬೇಕು. ಒಲೆಯ ಮುಂದೆ ನಿಂತು, ಕಪಾಟು ತೆಗೆದು, ಪ್ರತಿ ಪ್ರವಾಸಕ್ಕೂ ಒಂದೊಂದು ಸಾಲು ಬರೆದಿಟ್ಟವರು ಯಾರೋ ಮನೆಯಾಕೆ.

ಆ ಟ್ರೇಲರಿನ ಹೊರಮೈಯಲ್ಲಿ ದೊಡ್ಡ ಅಂಕಿಗಳ ಮಸುಕು ಗುರುತಿತ್ತು. ಮಾಲೀಕರ ಸಂಘ ಸದಸ್ಯರಿಗೆ ಕೊಡುತ್ತಿದ್ದ ಕೆಂಪು ಸಂಖ್ಯೆ ಅದು. ಅಂಟು ಹೋದರೂ ಅಲ್ಯೂಮಿನಿಯಂ ಮೇಲೆ ನೆರಳು ಉಳಿಯುತ್ತದೆ. ಸಂಘದ ಹಳೆಯ ಪಟ್ಟಿ ಇಟ್ಟುಕೊಂಡಿದ್ದವರೊಬ್ಬರನ್ನು ಕೇಳಿ ಮಗಳು ದಂಪತಿಯ ಹೆಸರು, ಊರು ಹುಡುಕಿದಳು. ಅಷ್ಟು ಸಿಕ್ಕಿತು. ಅವರು ಎಲ್ಲಿ ಹೋದರು, ಎಲ್ಲಿ ಮಳೆಗೆ ಸಿಕ್ಕರು ಎನ್ನುವುದು ಯಾವ ಪಟ್ಟಿಯಲ್ಲೂ ಇರಲಿಲ್ಲ. ಅದು ಇದ್ದದ್ದು ಆ ಬಾಗಿಲ ಮೇಲೆ. ಅದನ್ನು ನಾನು ಅಳಿಸಿದ್ದೆ.

ಆ ರಾತ್ರಿ ನನಗೆ ಧಾರವಾಡದ ನಮ್ಮ ಮನೆಯ ಅಡುಗೆಕೋಣೆ ನೆನಪಾಯಿತು. ನಮ್ಮವ್ವ ಹಾಲಿನ ಲೆಕ್ಕವನ್ನು ಇದ್ದಿಲಿನಿಂದ ಗೋಡೆಯ ಮೇಲೆ ಗೆರೆ ಎಳೆದು ಇಡುತ್ತಿದ್ದಳು. ಗೆರೆಗಳ ನಡುವೆ ಇನ್ನೇನೋ ಗುರುತುಗಳೂ ಇರುತ್ತಿದ್ದವು. ದೀಪಾವಳಿಗೆ ಸುಣ್ಣ ಹಚ್ಚಿದರೆ ಎಲ್ಲ ಬೆಳ್ಳಗೆ. ಸುಣ್ಣದ ಕುಂಚ ಹಿಡಿಯುತ್ತಿದ್ದವಳು ನಾನೇ. ಆ ಗುರುತುಗಳು ಏನೆಂದು ಒಮ್ಮೆಯೂ ಅವ್ವನನ್ನು ಕೇಳಲಿಲ್ಲ. ಅಪ್ಪನ ಕೈಬರಹದ ಲೆಕ್ಕದ ವಹಿಗಳು ಮಾತ್ರ ಇವತ್ತಿಗೂ ತಮ್ಮನ ಮನೆಯ ಟ್ರಂಕಿನಲ್ಲಿ ಭದ್ರವಾಗಿವೆ.

ಮರುದಿನ ಮಗಳಿಗೆ ಹೇಳಿದೆ, "ಉಳಿದ ಮೂರು ಸಾಲಿನ ಮ್ಯಾಲೆ ಬಣ್ಣಾ ಹಚ್ಚಬ್ಯಾಡ." ಅವಳು ಅದನ್ನು ಮೊದಲೇ ತೀರ್ಮಾನಿಸಿದ್ದಳು. ಆ ಬಾಗಿಲಿಗೆ ಪಾಲಿಶ್ ಹೊಡೆಯಲಿಲ್ಲ, ಒಳಗಡೆ ಪಾರದರ್ಶಕ ಹಾಳೆ ಹಾಕಿ ಕೂರಿಸಿದರು. ಪಕ್ಕದಲ್ಲಿ ನಾನು ಒಂದು ಚೀಟಿ ಅಂಟಿಸಿದ್ದೇನೆ. ಮೇಲೆ ಸುಮಾರು ಇಪ್ಪತ್ತು ಸಾಲು ಬರಹವಿತ್ತು, ಇಂಥ ದಿನ ಓದದೆ ತೊಳೆದವಳು ನಾನು ಎಂದು, ನನ್ನ ಹೆಸರಿನ ಸಮೇತ, ಕನ್ನಡದಲ್ಲೂ ಇಂಗ್ಲಿಷಿನಲ್ಲೂ. ಮುಂದೆ ಯಾರ ಕೈಗೆ ಹೋದರೂ ಗೊತ್ತಾಗಲಿ.

ಈಗ ಗನ್ ಯಾರ ಕೈಯಲ್ಲಿ

ಹಳೆಯ ಟ್ರೇಲರ್‌ಗಳನ್ನು ಗುಜರಿಗೆ ಹಾಕುವ ಕಾಲ ಹೋಗಿ ಅವನ್ನು ಉಳಿಸುವ ಕಾಲ ಬಂದಿದೆ. ಟಿನ್ ಕ್ಯಾನ್ ಟೂರಿಸ್ಟ್ಸ್ ಸಂಘ 1998ರಲ್ಲಿ ಹಳೆಯ ಗಾಡಿಗಳ ಪ್ರಿಯರಿಗಾಗಿ ಮರುಹುಟ್ಟು ಪಡೆಯಿತು. ಮರುವರ್ಷ, 1999ರಲ್ಲಿ, ಇಬ್ಬರು ಅಕ್ಕತಂಗಿಯರು 'ಸಿಸ್ಟರ್ಸ್ ಆನ್ ದ ಫ್ಲೈ' ಎಂಬ ಹೆಂಗಸರದೇ ಬಳಗ ಕಟ್ಟಿದರು. ಅದರಲ್ಲಿ ಎಷ್ಟೋ ಸದಸ್ಯೆಯರು ಹಳೆಯ ಟ್ರೇಲರ್ ಕೊಂಡು, ರಿಪೇರಿ ಮಾಡಿ, ಬಣ್ಣ ಬಳಿದು, ತಾವೇ ಎಳೆದುಕೊಂಡು ಊರೂರು ಹೋಗುತ್ತಾರೆ. ಮರಿಯನ್ ಬಯಂ ಕೇಳಿದ್ದು ಒಲೆ ಮಾತ್ರ. ಇವರು ಸ್ಟೀರಿಂಗನ್ನೂ ಹಿಡಿದಿದ್ದಾರೆ.

ನಾನು ಪುಣೆಗೆ ಮರಳುವ ಹಿಂದಿನ ವಾರ ಮಗಳ ಟ್ರೇಲರ್ ಮೊದಲ ಸಲ ಹೊರಟಿತು. ಬಹಳ ದೂರವೇನಲ್ಲ, ಎರಡು ಗಂಟೆಯ ದಾರಿ, ಒಂದು ಕೆರೆಯ ದಂಡೆ. ರಾತ್ರಿ ಮಳೆ ಬಂತು. ಮೂವರೂ ಟಾರ್ಚ್ ಹಿಡಿದು ಕಿಟಕಿಗಳ ಅಂಚು ನೋಡಿದೆವು. ಒಂದು ಕಡೆ ಮಾತ್ರ ಸಣ್ಣಗೆ ಸೋರುತ್ತಿತ್ತು. ಬೆಳಿಗ್ಗೆ ಆ ಪುಟ್ಟ ಒಲೆಯ ಮೇಲೆ ಉಪ್ಪಿಟ್ಟು ಮಾಡಿದೆ. ಮಗಳು ಬೇರೊಂದು ಕಪಾಟಿನ ಬಾಗಿಲು ತೆರೆದು, ಪೆನ್ಸಿಲ್ ಕೊಟ್ಟು, "ನೀನೇ ಬರಿ" ಎಂದಳು. ತಾರೀಖು ಹಾಕಿ ಬರೆದೆ: 'ಮಳೆ. ಎಡಗಿಟಕಿ ಸೋರಿತು. ಉಪ್ಪಿಟ್ಟಿಗೆ ಉಪ್ಪು ಕಡಿಮೆ.'

ಗೆಳತಿಯರೇ, ನಾವೆಲ್ಲ ಊರು ಬಿಟ್ಟು ಬಂದವರು. ಮನೆ ಬದಲಿಸುವಾಗ, ಊರಿನ ಮನೆ ಮಾರುವಾಗ, ಹಬ್ಬಕ್ಕೆ ಬಣ್ಣ ಹೊಡೆಸುವಾಗ ಒಂದು ಕೆಲಸ ಮಾಡಿ. ಅಡುಗೆಮನೆಯ ಕಪಾಟಿನ ಒಳಬಾಗಿಲು, ಹಿಟ್ಟಿನ ಡಬ್ಬಿಯ ತಳ, ದೇವರ ಮನೆಯ ಗೋಡೆ, ಅತ್ತೆಯವರ ಹಳೆಯ ಕ್ಯಾಲೆಂಡರಿನ ಅಂಚು ಇವನ್ನೆಲ್ಲ ಒಮ್ಮೆ ಬೆಳಕಿನಲ್ಲಿ ನೋಡಿ. ಏನಾದರೂ ಬರೆದದ್ದು ಕಂಡರೆ ಮೊದಲು ಓದಿ, ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ. ಬರೆದವರು ಇನ್ನೂ ಇದ್ದರೆ ಫೋನ್ ಮಾಡಿ ಕೇಳಿ. ಸ್ಕ್ರಬ್ಬರ್ ಆಮೇಲೆ ತಗೊಂಡರಾಯಿತು.